ಕಾಫಿಯ ರುಚಿ ಫಿಲ್ಟರಿನ ಶುಚಿಯಲ್ಲಿದೆ

ಅತಿಥಿಗಳು ಬಂದೊಡನೆ ನೀರು ಕೊಟ್ಟು, ಬಳಿಕ ಕಾಫಿ ಕೊಡುವುದು ನಮ್ಮ ಮನೆಗಳ ವಾಡಿಕೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ನೀರಿನೊಂದಿಗೆ ಬೆಲ್ಲದ ತುಂಡನ್ನೂ ಇಡುವುದುಂಟು. ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿಯನ್ನೇರಿದರೆ ಮೂಡಿಗೆರೆಯ ಕಾಫಿ ತೋಟಗಳು. ಒಳ್ಳೆಯ ಪುಡಿಗೆ ಈ ಭಾಗದಲ್ಲಿ ಬರವಿಲ್ಲ. ಆದರೂ ಎಷ್ಟೋ ಮನೆಗಳ ಕಾಫಿಯಲ್ಲಿ ಕಹಿಯೂ ಕಮಟು ವಾಸನೆಯೂ ಸೇರಿರುತ್ತವೆ. ಆಗ ಪುಡಿಯನ್ನು ದೂರಿ ಅಂಗಡಿ ಬದಲಿಸುತ್ತೇವೆ. ಹಲವು ಸಲ ದೋಷವಿರುವುದು ಫಿಲ್ಟರಿನಲ್ಲಿ.

ಕಾಫಿ ಬೀಜದಲ್ಲಿ ಎಣ್ಣೆಯ ಅಂಶವುಂಟು. ಡಿಕಾಕ್ಷನ್ ಇಳಿಯುವಾಗ ಅದು ಪಾತ್ರೆಯ ಒಳಮೈಗೂ ರಂಧ್ರಗಳಿಗೂ ಅಂಟಿ, ಗಾಳಿ ತಗುಲಿ ಕೆಡುತ್ತದೆ. ಮರುದಿನದ ಹೊಸ ಡಿಕಾಕ್ಷನ್ನಿಗೆ ಈ ಹಳೆಯ ಜಿಡ್ಡಿನ ವಾಸನೆ ಸೇರುತ್ತದೆ. ಚಿಕೋರಿ ಬೆರೆತ ಪುಡಿ ಹೆಚ್ಚು ಅಂಟುವುದರಿಂದ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ.

ನಿತ್ಯದ ಕ್ರಮ

ಚರಟವನ್ನು ಫಿಲ್ಟರಿನಲ್ಲಿ ರಾತ್ರಿಯಿಡೀ ಬಿಡಬಾರದು. ಅದನ್ನು ಗಿಡದ ಬುಡಕ್ಕೆ ಹಾಕಿ, ಮೇಲಿನ ಪಾತ್ರೆಯನ್ನು ಬೋರಲು ಮಾಡಿ, ಹೊರಗಿನಿಂದ ಒಳಕ್ಕೆ ಬಿಸಿನೀರು ಹರಿಯುವಂತೆ ಸುರಿಯಬೇಕು. ಪುಡಿಯನ್ನು ಒತ್ತುವ ಹಿಡಿಯ ತಟ್ಟೆಯನ್ನೂ ಮುಚ್ಚಳವನ್ನೂ ಮರೆಯಬಾರದು. ವಾರಕ್ಕೊಮ್ಮೆ ಅಡಿಗೆ ಸೋಡ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಜಿಡ್ಡು ಬಿಡುತ್ತದೆ. ಸೂಜಿಯಿಂದ ಚುಚ್ಚಿದರೆ ರಂಧ್ರಗಳು ಹಿಗ್ಗಿ, ಪುಡಿ ಕೆಳಗಿಳಿಯುತ್ತದೆ. ಬೆಳಕಿಗೆ ಹಿಡಿದಾಗ ಎಲ್ಲ ರಂಧ್ರಗಳೂ ಕಂಡರೆ ಶುಚಿಯಾಯಿತೆಂದು ತಿಳಿಯಬೇಕು.

ಕರಾವಳಿಯ ಮಳೆಗಾಲದಲ್ಲಿ ಪಾತ್ರೆ ತಾನಾಗಿ ಒಣಗುವುದಿಲ್ಲ. ತೇವವಿರುವಾಗಲೇ ಜೋಡಿಸಿ ಮುಚ್ಚಿಟ್ಟರೆ ಒಳಗೆ ಮುಗ್ಗಲು ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿ, ಬಿಡಿಬಿಡಿಯಾಗಿ ಒಲೆಯ ಸಮೀಪ ಇಡುವುದು ಒಳ್ಳೆಯದು.

ಹಿತ್ತಾಳೆಯ ಫಿಲ್ಟರು

ಹಿರಿಯರ ಕಾಲದ ಹಿತ್ತಾಳೆ ಫಿಲ್ಟರು ಇರುವ ಮನೆಯವರು ವಿಶೇಷ ಎಚ್ಚರ ವಹಿಸಬೇಕು. ಕಾಫಿಯಲ್ಲಿ ತುಸು ಆಮ್ಲವಿದೆ. ಒಳಗಿನ ಕಲಾಯಿ ಸವೆದು ಹಳದಿ ಲೋಹ ಕಂಡರೆ, ತಾಮ್ರದ ಅಂಶ ಡಿಕಾಕ್ಷನ್ನಿಗೆ ಇಳಿದು ಹೊಟ್ಟೆನೋವು, ವಾಂತಿಗಳಿಗೆ ಕಾರಣವಾಗಬಹುದು. ಮತ್ತೆ ಕಲಾಯಿ ಹಾಕಿಸುವ ತನಕ ಅದನ್ನು ಬಳಸಬಾರದು. ಸೀಸ ಬೆರೆಯದ ಶುದ್ಧ ತವರವನ್ನೇ ಹಾಕಿಸಬೇಕು. ಹುಣಿಸೆಹಣ್ಣಿನಿಂದ ಹೊರಮೈಯನ್ನಷ್ಟೇ ಬೆಳಗಬೇಕು. ಕಟ್ಟಿದ ರಂಧ್ರ ಬಿಡಿಸಲು ಸ್ಟೀಲ್ ಫಿಲ್ಟರನ್ನು ಉರಿಯ ಮೇಲೆ ಹಿಡಿಯುವ ರೂಢಿ ಕೆಲವರಲ್ಲಿದೆ. ಕಲಾಯಿಯ ಪಾತ್ರೆಗೆ ಇದು ಸಲ್ಲದು. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುತ್ತದೆ.

ಒಲೆಯ ಮೇಲಿನ ಕಾಫಿ ಪಾತ್ರೆ

ದೂರದ ಊರುಗಳಲ್ಲಿರುವ ಮಕ್ಕಳು ಈಚೆಗೆ ‘ಮೋಕಾ ಪಾಟ್’ ತಂದುಕೊಡುವುದುಂಟು. 1933ರಲ್ಲಿ ಇಟಲಿಯಲ್ಲಿ ರೂಪುಗೊಂಡ ಈ ಪಾತ್ರೆಯಲ್ಲಿ, ಕೆಳಗೆ ಕಾಯುವ ನೀರನ್ನು ಹಬೆಯ ಒತ್ತಡವು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಕೆಳಪಾತ್ರೆಯ ಪಕ್ಕದಲ್ಲಿರುವ ಸಣ್ಣ ಕವಾಟವು ಪ್ರೆಷರ್ ಕುಕ್ಕರಿನ ಸುರಕ್ಷಾ ಕವಾಟದಂತೆಯೇ. ನೀರು ಅದಕ್ಕಿಂತ ಕೆಳಗಿರಬೇಕು, ಪುಡಿಯನ್ನು ಒತ್ತಿ ತುಂಬಬಾರದು. ಕವಾಟ ಕಟ್ಟಿಕೊಂಡರೆ ಪಾತ್ರೆ ಸಿಡಿಯುವ ಅಪಾಯವಿದೆ. ಬಿರುಸಾದ ರಬ್ಬರ್ ಉಂಗುರವನ್ನು ಬದಲಿಸಬೇಕು. ಅಲ್ಯೂಮಿನಿಯಂ ಪಾತ್ರೆಗೆ ಸೋಡ, ಬೂದಿ, ಉಕ್ಕಿನ ನಾರು ಬೇಡ. ಬಿಸಿನೀರು ಮತ್ತು ಮೆತ್ತನೆಯ ಬಟ್ಟೆ ಸಾಕು.

ದುಬಾರಿ ಪುಡಿಯನ್ನು ಕೊಳ್ಳುವ ಮುನ್ನ ಫಿಲ್ಟರನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡೋಣ. ನಿತ್ಯದ ಐದು ನಿಮಿಷಗಳ ಈ ಕೆಲಸವನ್ನು ಮನೆಯ ಗಂಡುಮಕ್ಕಳೂ ಹಂಚಿಕೊಳ್ಳಲಿ. ಕಾಫಿಯನ್ನು ಎಲ್ಲರೂ ಕುಡಿಯುತ್ತೇವಲ್ಲವೇ?