ಬುಕ್‌ಪೋಸ್ಟಿನಿಂದ ಜಾಲತಾಣಕ್ಕೆ: ಕನ್ನಡ ಕಿರುಪತ್ರಿಕೆಗಳ ದಾರಿ

ಗೋಪಾಲಕೃಷ್ಣ ಅಡಿಗರು 1962ರಲ್ಲಿ ‘ಸಾಕ್ಷಿ’ ಆರಂಭಿಸಿದರು. ಅದಾಗಿ ಎರಡು ವರ್ಷಕ್ಕೆ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ‘ಸಂಕ್ರಮಣ’ ಹೊರತಂದರು. 1981ರಲ್ಲಿ ಯು.ಆರ್. ಅನಂತಮೂರ್ತಿಯವರ ‘ರುಜುವಾತು’ ಬಂತು, 2005ರಲ್ಲಿ ವಿವೇಕ ಶಾನಭಾಗರ ‘ದೇಶ ಕಾಲ’. ಸಂಪಾದಕರ ಅಭಿರುಚಿ ಮತ್ತು ಹಠವೇ ಇವುಗಳ ಬಂಡವಾಳ. ನವ್ಯವಿರಲಿ, ಬಂಡಾಯವಿರಲಿ, ಕನ್ನಡದಲ್ಲಿ ಹೊಸ ದನಿ ಎದ್ದಾಗಲೆಲ್ಲ ಅದರ ಬೆನ್ನಿಗೆ ಇಂಥದೊಂದು ಪತ್ರಿಕೆ ನಿಂತಿದೆ. ಚಂಪಾ ಅವರಿಗಂತೂ ‘ಸಂಕ್ರಮಣ’ ಜೀವಮಾನದ ಕೆಲಸವಾಯಿತು. ಜೊತೆಗಾರರು ಬೇರೆಯಾದ ಮೇಲೂ ದಶಕಗಟ್ಟಲೆ ಅದನ್ನು ನಡೆಸಿದರು.

ಬರೆಸುವುದು, ಕರಡು ತಿದ್ದುವುದು ಪ್ರೀತಿಯ ಕೆಲಸ. ಸುಸ್ತು ಮಾಡುತ್ತಿದ್ದುದು ಅಂಚೆ. ಪತ್ರಿಕೆಗಳಿಗೆ ಅಂಚೆ ಇಲಾಖೆ ಕೊಡುತ್ತಿದ್ದ ಅಗ್ಗದ ದರಕ್ಕೆ 1898ರ ಕಾಯ್ದೆಯಲ್ಲೇ ಒಂದು ಷರತ್ತಿತ್ತು: ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು. ತ್ರೈಮಾಸಿಕಗಳು ಅಲ್ಲಿಗೇ ಹೊರಗೆ. ಅವುಗಳಿಗೆ ಉಳಿದಿದ್ದ ಆಸರೆ ಬುಕ್‌ಪೋಸ್ಟ್; 2024ರ ಡಿಸೆಂಬರಿನಲ್ಲಿ ಅದೂ ನಿಂತಿತು. 2025ರ ಮೇ 1ರಿಂದ ಶುರುವಾದ ‘ಜ್ಞಾನ ಪೋಸ್ಟ್’ ಪುಸ್ತಕಗಳಿಗೇನೋ ರಿಯಾಯಿತಿ ಕೊಡುತ್ತದೆ, ಆದರೆ ನಿಯತಕಾಲಿಕಗಳಿಗೆ ಅದರಲ್ಲಿ ಜಾಗವಿಲ್ಲ. ಮಣಿಪಾಲದ ವಿದ್ಯಾರ್ಥಿಗೋ ಬೀದರಿನ ಮೇಷ್ಟ್ರಿಗೋ ಒಂದು ಪ್ರತಿ ಮುಟ್ಟಿಸುವುದೇ ದುಬಾರಿಯಾದಾಗ ಪತ್ರಿಕೆ ಜಾಲತಾಣದ ಕಡೆ ನೋಡುವುದು ಸಹಜ.

ಆ ದಾರಿಯೇನೂ ಸಲೀಸಾಗಿರಲಿಲ್ಲ. ಹಳೆಯ ಡಿಟಿಪಿ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂರುತ್ತಿದ್ದವು. ‘ಧರ್ಮ’ ಎಂದು ಬರೆದರೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಜಾಲತಾಣಕ್ಕೆ ಬೇಕಾದ ಯೂನಿಕೋಡ್ ಹಿಡಿಯುವುದು ಉಚ್ಚಾರದ ಕ್ರಮವನ್ನು: ಧ, ರ್, ಮ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪರಿವರ್ತಕ ತಂತ್ರಾಂಶ ಎಡವಿದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಇಲ್ಲವೇ ಅರ್ಥವಿಲ್ಲದ ಚಿಹ್ನೆಯಾಗಿ ಉಳಿದುಬಿಡುತ್ತದೆ. ಒಂದು ಹಳೆಯ ಸಂಚಿಕೆಯನ್ನು ಜಾಲಕ್ಕೇರಿಸುವುದೆಂದರೆ ಇಡೀ ಸಂಚಿಕೆಯ ಕರಡನ್ನು ಮತ್ತೊಮ್ಮೆ ಸಾಲುಸಾಲಾಗಿ ತಿದ್ದಿದಂತೆಯೇ.

ಅಬ್ದುಲ್ ರಶೀದ್ ಕಟ್ಟಿದ ‘ಕೆಂಡಸಂಪಿಗೆ’, ಜಿ.ಎನ್. ಮೋಹನ್ ಅವರ ‘ಅವಧಿ’, ಆಮೇಲೆ ಬಂದ ‘ಋತುಮಾನ’ ನೇರವಾಗಿ ಜಾಲದಲ್ಲೇ ಹುಟ್ಟಿದವು. ಇಲ್ಲಿ ಪುಟಗಳ ಮಿತಿಯಿಲ್ಲ, ಮುಂದಿನ ಸಂಚಿಕೆಗಾಗಿ ಮೂರು ತಿಂಗಳು ಕಾಯಬೇಕಿಲ್ಲ. ‘ಋತುಮಾನ’ ಓದುಗರಿಗಷ್ಟೇ ಅಲ್ಲದೆ ಕೇಳುಗರಿಗೂ ಸಾಹಿತ್ಯವನ್ನು ತಲುಪಿಸಿತು. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ಹೊಸ ಕವಿತೆ ಬೆಂಗಳೂರಿನವರಷ್ಟೇ ಬೇಗ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಬಾಗಿಲು ಹಿಂದೆಂದೂ ತೆರೆದಿರಲಿಲ್ಲ ಎಂದು ನನಗನ್ನಿಸುತ್ತದೆ.

ಆದರೆ ‘ಸಂಚಿಕೆ’ ಎಂಬ ಕಟ್ಟೋಣ ಸಡಿಲವಾಯಿತು. ಯಾವ ಕತೆಯ ಪಕ್ಕದಲ್ಲಿ ಯಾವ ವಿಮರ್ಶೆ ಇರಬೇಕು, ಯಾವ ಅನುವಾದದಿಂದ ಶುರುಮಾಡಬೇಕು ಎಂದು ಸಂಪಾದಕರು ವಾರಗಟ್ಟಲೆ ಯೋಚಿಸುತ್ತಿದ್ದರು. ಕತೆಗೆಂದು ಪುಟ ತಿರುಗಿಸಿದವರು ತಾವು ಹುಡುಕದೇ ಇದ್ದ ಕವಿಯನ್ನೂ ಓದಿಕೊಂಡು ಏಳುತ್ತಿದ್ದರು. ಈಗ ಬರಹಗಳು ವಾಟ್ಸ್‌ಆ್ಯಪಿನಲ್ಲಿ ಒಂಟಿಯಾಗಿ ಬರುತ್ತವೆ, ಒಂಟಿಯಾಗಿಯೇ ಹೋಗುತ್ತವೆ. ಜಾಲಪತ್ರಿಕೆಗಳು ಆಗಾಗ ವಿಶೇಷ ಸಂಚಿಕೆಗಳನ್ನು ಕಟ್ಟಿಕೊಡುವುದು ಅದಕ್ಕೇ ಬಹಳ ಮುಖ್ಯ.

ಉಳಿಸಿಕೊಳ್ಳುವ ಚಿಂತೆ ಬೇರೆಯೇ ಇದೆ. ಡೊಮೇನ್ ನವೀಕರಣ ತಪ್ಪಿದರೆ, ಸರ್ವರ್ ಬಾಡಿಗೆ ನಿಂತರೆ, ವರ್ಷಗಳ ಬರಹ ಒಂದೇ ದಿನದಲ್ಲಿ ಕಣ್ಮರೆಯಾಗುತ್ತದೆ. ‘ಸಾಕ್ಷಿ’ಯ ಪ್ರತಿಯೊಂದು ಯಾವುದೋ ಗ್ರಂಥಾಲಯದ ಮೂಲೆಯಲ್ಲಾದರೂ ಸಿಕ್ಕೀತು, ಮುಚ್ಚಿಹೋದ ಜಾಲತಾಣದ ಕವಿತೆಯನ್ನು ಎಲ್ಲಿ ಹುಡುಕುವುದು? ಜಾಲಪತ್ರಿಕೆಗಳು ವರ್ಷಕ್ಕೊಮ್ಮೆಯಾದರೂ ತಮ್ಮ ಬರಹಗಳನ್ನು ಇ-ಪುಸ್ತಕವಾಗಿ ಕಟ್ಟಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸಬೇಕು. ಹಳೆಯ ಕನ್ನಡ ನಿಯತಕಾಲಿಕಗಳ ಸ್ಕ್ಯಾನ್ ಪ್ರತಿಗಳು ಈಗಾಗಲೇ ಅಲ್ಲಿವೆ, ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ನಿಮ್ಮ ಮನೆಯ ಅಟ್ಟದಲ್ಲಿ ‘ಸಂಕ್ರಮಣ’ದ್ದೋ ‘ರುಜುವಾತು’ವಿನದೋ ಹಳೆಯ ಸಂಚಿಕೆಗಳಿದ್ದರೆ, ಗೆದ್ದಲು ಹಿಡಿಯುವ ಮೊದಲು ಹತ್ತಿರದ ಗ್ರಂಥಾಲಯಕ್ಕೆ ತಿಳಿಸಿ.