ಸ್ಪೇಷಿಯಲ್ ಕಂಪ್ಯೂಟಿಂಗ್: ಸಾಧನ ಉಚಿತ, ಪಾಠ ಇಂಗ್ಲಿಷಿನಲ್ಲಿ, ವಿಷಯ ಊರಿನಲ್ಲೇ

ಜಮಖಂಡಿ: ಫೋನಿನ ಕ್ಯಾಮೆರಾವನ್ನು ಹೊಲದ ಕಡೆಗೆ ಹಿಡಿದರೆ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ಗೆರೆ ಪರದೆಯ ಮೇಲೆ ಮೂಡುವುದು, ಸೀರೆಯನ್ನು ನೇಯುವ ಮೊದಲೇ ಅದರ ದಡಿ, ಸೆರಗುಗಳನ್ನು ಕಣ್ಣೆದುರು ಹರಡಿ ನೋಡುವುದು. ಇಂತಹ ಕೆಲಸಗಳನ್ನು ಸಾಧ್ಯವಾಗಿಸುವ ತಂತ್ರಾಂಶ ವಿದ್ಯೆಗೆ ಸ್ಪೇಷಿಯಲ್ ಕಂಪ್ಯೂಟಿಂಗ್ ಎಂಬ ಹೆಸರಿದೆ. ದುಬಾರಿ ಕನ್ನಡಕ ಕೊಳ್ಳಬಲ್ಲವರಿಗೆ ಮಾತ್ರ ಈ ವಿದ್ಯೆ ಎಂಬ ಭಾವನೆ ಇದೆ. ವಾಸ್ತವ ಹಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಕುಳಿತು ಕಲಿಯಲು ಬೇಕಾದ ಸಾಧನಗಳಲ್ಲಿ ಹೆಚ್ಚಿನವು ಉಚಿತವಾಗಿ ಲಭ್ಯವಿವೆ. ಕೊರತೆ ಇರುವುದು ಕನ್ನಡದ ಪಾಠಗಳದು ಮತ್ತು ಇಲ್ಲಿನ ಸಮಸ್ಯೆಗಳನ್ನೇ ಕೈಗೆತ್ತಿಕೊಳ್ಳುವ ಪ್ರಯೋಗಗಳದು.

ಏನಿದು?

ಈ ಪದವನ್ನು 2003ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿ ಸೈಮನ್ ಗ್ರೀನ್‌ವೋಲ್ಡ್ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಅದು ಜನರ ಬಾಯಿಗೆ ಬಂದದ್ದು 2023ರ ಜೂನ್‌ನಲ್ಲಿ ಆಪಲ್ ಕಂಪನಿ ವಿಷನ್ ಪ್ರೊ ಸಾಧನವನ್ನು ಪ್ರಕಟಿಸಿದಾಗ. 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದರ ಆರಂಭಿಕ ಬೆಲೆ 3,499 ಡಾಲರ್. 2025ರ ಅಕ್ಟೋಬರ್‌ನಲ್ಲಿ ಸ್ಯಾಮ್‌ಸಂಗ್ ಹೊರತಂದ ಗ್ಯಾಲಕ್ಸಿ ಎಕ್ಸ್‌ಆರ್ ಬೆಲೆ 1,799 ಡಾಲರ್.

ತತ್ವ ಮಾತ್ರ ಸರಳ. ಕಂಪ್ಯೂಟರ್ ತಾನಿರುವ ಸ್ಥಳವನ್ನು ಅಳೆದು, ಆ ಅಳತೆಗೆ ಹೊಂದುವಂತೆ ಚಿತ್ರವನ್ನು ಕೂರಿಸುತ್ತದೆ. ಸಾಧನವು ಕ್ಯಾಮೆರಾದಲ್ಲಿ ಕಾಣುವ ಮೂಲೆ, ಕಲೆ, ಅಂಚುಗಳನ್ನು ಗುರುತು ಹಾಕಿಕೊಳ್ಳುತ್ತದೆ. ಚಲನೆ ಮತ್ತು ತಿರುವನ್ನು ಅಳೆಯುವ ಸಂವೇದಕಗಳ ಲೆಕ್ಕವನ್ನು ಅದರೊಂದಿಗೆ ಬೆರೆಸಿ, ತಾನು ಎಲ್ಲಿದ್ದೇನೆ ಎಂದು ಸೆಕೆಂಡಿಗೆ ಹಲವಾರು ಬಾರಿ ಅಂದಾಜು ಮಾಡುತ್ತದೆ. ಗುರುತುಗಳೇ ಇಲ್ಲದ ಸುಣ್ಣದ ಗೋಡೆ, ಮಂದ ಬೆಳಕು, ಸತತವಾಗಿ ಅಲುಗಾಡುವ ಮಗ್ಗ ಎದುರಿಗಿದ್ದರೆ ಲೆಕ್ಕ ತಪ್ಪುತ್ತದೆ. ಈ ಕೆಲಸಕ್ಕೆ ಕನ್ನಡಕವೇ ಬೇಕೆಂದಿಲ್ಲ; ಗೂಗಲ್‌ನ ಎಆರ್‌ಕೋರ್ ಬೆಂಬಲವುಳ್ಳ ಆಂಡ್ರಾಯ್ಡ್ ಫೋನ್ ಸಾಕು.

ಎಲ್ಲಿಂದ ಆರಂಭ?

ಮೊದಲ ಪಠ್ಯ ದ್ವಿತೀಯ ಪಿಯುಸಿ ಗಣಿತದಲ್ಲೇ ಇದೆ. ಸದಿಶಗಳು, ಮಾತೃಕೆಗಳು ಹಾಗೂ ಮೂರು ಆಯಾಮಗಳ ರೇಖಾಗಣಿತ ಈ ವಿದ್ಯೆಯ ಅಡಿಪಾಯ. ಅದರ ಮೇಲೆ ಜಾವಾಸ್ಕ್ರಿಪ್ಟ್ ಕಲಿತವರು ವೆಬ್ಎಕ್ಸ್‌ಆರ್ ಮಾರ್ಗ ಹಿಡಿಯಬಹುದು. ತ್ರೀ.ಜೆಎಸ್, ಬ್ಯಾಬಿಲಾನ್.ಜೆಎಸ್ ಹಾಗೂ 2015ರಲ್ಲಿ ಮೊಜಿಲ್ಲಾದಲ್ಲಿ ರೂಪುಗೊಂಡ ಎ-ಫ್ರೇಮ್ ಈ ಮಾರ್ಗದ ಮುಕ್ತ ಸಾಧನಗಳು. ಬರೆದದ್ದನ್ನು ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲೇ ತೆರೆದು ನೋಡಬಹುದು. ಕನ್ನಡಕ ಧರಿಸಿದಂತೆ ನಟಿಸುವ ಅನುಕರಣ ತಂತ್ರಾಂಶಗಳೂ ಬ್ರೌಸರ್‌ಗೆ ಲಭ್ಯವಿವೆ. ಮೂರು ಆಯಾಮದ ಆಕೃತಿಗಳ ರಚನೆಗೆ ಬ್ಲೆಂಡರ್ ಇದೆ, ಅದೂ ಉಚಿತ.

ಮುಂದಿನ ಹಂತ ಯೂನಿಟಿ ಅಥವಾ ಗೊಡೋ. ಯೂನಿಟಿಯ ವೈಯಕ್ತಿಕ ಆವೃತ್ತಿ ಸಣ್ಣ ಆದಾಯದವರಿಗೆ ಉಚಿತ; ಗೊಡೋ ಸಂಪೂರ್ಣ ಮುಕ್ತ. 2019ರಲ್ಲಿ ಬಂದ ಓಪನ್‌ಎಕ್ಸ್‌ಆರ್ ಮಾನದಂಡದಿಂದಾಗಿ ಒಂದೇ ತಂತ್ರಾಂಶವನ್ನು ಹಲವು ಕಂಪನಿಗಳ ಸಾಧನಗಳಿಗೆ ಹೊಂದಿಸುವುದು ಸುಲಭವಾಗಿದೆ. ಆಪಲ್ ಮಾರ್ಗ ಮಾತ್ರ ದುಬಾರಿ. ಎಕ್ಸ್‌ಕೋಡ್, ರಿಯಾಲಿಟಿಕಿಟ್ ಹಾಗೂ ವಿಷನ್ ಪ್ರೊ ಅನುಕರಣ ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲವಾದರೂ ಅವನ್ನು ನಡೆಸಲು ಆಪಲ್ ಚಿಪ್ ಇರುವ ಮ್ಯಾಕ್ ಬೇಕು.

ಸಿದ್ಧಾಂತ ತಿಳಿಯಬಯಸುವವರಿಗೆ ಸ್ಟೀವನ್ ಲಾವಾಲ್ ಅವರ ಉಪನ್ಯಾಸಗಳಿವೆ. ಆಕ್ಯುಲಸ್ ಕಂಪನಿಯಲ್ಲಿ ವಿಜ್ಞಾನಿಯಾಗಿದ್ದ ಅವರು ಮದ್ರಾಸ್ ಐಐಟಿಯಲ್ಲಿ ವರ್ಚುವಲ್ ರಿಯಾಲಿಟಿ ಕುರಿತು ಪಾಠ ಮಾಡಿದ್ದು, ಅದರ ಚಿತ್ರೀಕರಣ ಎನ್‌ಪಿಟಿಇಎಲ್ ಮೂಲಕ ಉಚಿತವಾಗಿ ದೊರೆಯುತ್ತದೆ. ಆದರೆ ಈ ಉಪನ್ಯಾಸಗಳೂ, ಕಂಪನಿಗಳ ಕೈಪಿಡಿಗಳೂ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಗಣಿತಕ್ಕಿಂತ ಮೊದಲು ಎದುರಾಗುವ ಅಡ್ಡಿ ಇದೇ.

ಒತ್ತಕ್ಷರದ ತೊಡಕು

ತಂತ್ರಾಂಶ ಸಿದ್ಧವಾದ ಮೇಲೂ ಭಾಷೆಯ ತೊಡಕು ಮುಗಿಯುವುದಿಲ್ಲ. ಯೂನಿಟಿಯಲ್ಲಿ ರೂಢಿಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ಕನ್ನಡದ ಒತ್ತಕ್ಷರಗಳನ್ನು ತಾನಾಗಿ ಜೋಡಿಸುವುದಿಲ್ಲ. ‘ಕೃಷ್ಣಾ’ ಎಂಬ ಹೆಸರು ‘ಕೃಷ್‌ಣಾ’ ಎಂದು ಒಡೆದು ಕಾಣುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಗೊಡೋ 4 ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣಾ ತಂತ್ರಾಂಶವನ್ನು ಬಳಸುವುದರಿಂದ ಅಲ್ಲಿ ಈ ದೋಷವಿಲ್ಲ. ವೆಬ್ ಮಾರ್ಗದವರು ಕನ್ನಡ ಸಾಲನ್ನು ಬ್ರೌಸರ್‌ನಿಂದಲೇ ಚಿತ್ರವಾಗಿ ಬರೆಸಿ, ಆ ಚಿತ್ರವನ್ನು ಫಲಕದಂತೆ ಅಂಟಿಸಬಹುದು. ಕನ್ನಡ ಬಳಕೆದಾರರಿಗಾಗಿ ಕೆಲಸ ಮಾಡುವವರು ಸಾಧನ ಆಯ್ದುಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸುವುದು ಒಳಿತು.

ಹಿನ್ನೀರಿನ ಗೆರೆ ಎಳೆಯುವುದು ಸುಲಭವಲ್ಲ

ಈ ಭಾಗದಲ್ಲಿ ಇಂತಹ ತಂತ್ರಾಂಶಕ್ಕೆ ಮಹತ್ವದ ವಿಷಯವೆಂದರೆ ಆಲಮಟ್ಟಿ. ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸಲಾಗುತ್ತಿದೆ. ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು 524.256 ಮೀಟರ್‌ಗೆ ಅವಕಾಶ ನೀಡಿತು. ಇದರಿಂದ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಡೆಯಾಗಲಿದ್ದು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿಗೆ ನೀಡಿತು. ಬೀಳಗಿ, ಜಮಖಂಡಿ ಭಾಗದ ನದಿತೀರದ ರೈತನಿಗೆ ನೀರಿನ ಗೆರೆ ತನ್ನ ಬದುವಿನ ಯಾವ ಕಡೆಗೆ ಬೀಳುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಫೋನಿನಲ್ಲಿ ಆ ಗೆರೆ ತೋರಿಸಲು ಹೊರಟವರು ಒಂದು ಅಂಶವನ್ನು ಮರೆಯುವಂತಿಲ್ಲ. ಎರಡು ಮಟ್ಟಗಳ ನಡುವಿನ ಅಂತರ 4.656 ಮೀಟರ್ ಮಾತ್ರ. ಅಣೆಕಟ್ಟೆಯ ಮಟ್ಟವನ್ನು ಸಮುದ್ರಮಟ್ಟದಿಂದ ಅಳೆದರೆ, ಜಿಪಿಎಸ್ ಉಪಗ್ರಹಗಳು ಭೂಮಿಯ ಗಣಿತೀಯ ಆಕೃತಿಯೊಂದರಿಂದ ಎತ್ತರವನ್ನು ಲೆಕ್ಕ ಹಾಕುತ್ತವೆ. ದಕ್ಷಿಣ ಭಾರತದಲ್ಲಿ ಇವೆರಡರ ನಡುವೆ ಹತ್ತಾರು ಮೀಟರ್ ವ್ಯತ್ಯಾಸವಿದೆ. ಅದನ್ನು ತಿದ್ದಿದ ಮೇಲೂ ಸಾಧಾರಣ ಫೋನಿನ ಎತ್ತರದ ಲೆಕ್ಕ ಹಲವು ಮೀಟರ್ ತಪ್ಪಬಹುದು. ಇಸ್ರೊದ ಭುವನ್ ತಾಣದಲ್ಲಿ ದೊರೆಯುವ ಕಾರ್ಟೊಸ್ಯಾಟ್ ಎತ್ತರ ನಕ್ಷೆ ಕಲಿಕೆಗೆ ಉಪಯುಕ್ತ. ಆದರೆ ಒಬ್ಬ ರೈತನ ಗಡಿ ತೀರ್ಮಾನಿಸುವಷ್ಟು ನಿಖರವಲ್ಲ. ಸರ್ವೆ ಆಫ್ ಇಂಡಿಯಾದ ಮಟ್ಟಗಲ್ಲುಗಳಿಗೆ ಹೊಂದಿಸಿ ಸ್ಥಳದಲ್ಲಿ ಅಳತೆ ಮಾಡಿದಾಗಲಷ್ಟೇ ಗೆರೆಗೆ ಬೆಲೆ ಬರುತ್ತದೆ. ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವ ತಪ್ಪು ಗೆರೆ, ಗೆರೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಆದ್ದರಿಂದ ಒಂದೇ ಗೆರೆಯ ಬದಲು ಅನುಮಾನದ ಪಟ್ಟಿಯೊಂದನ್ನು ತೋರಿಸುವುದು ಪ್ರಾಮಾಣಿಕ ಮಾರ್ಗ.

ಸ್ಥಳಕ್ಕೂ ದಾಖಲೆಗೂ ನಂಟು ಬೆಸೆಯುವ ಮಾದರಿ ಈಗಾಗಲೇ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ, ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ರೈತರಿಗೆ ಪರಿಚಿತ. ನಕ್ಷೆ ವಿದ್ಯೆ ಕಲಿಯಲು ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶ ಹಾಗೂ ಡೆಹ್ರಾಡೂನ್‌ನ ಭಾರತೀಯ ದೂರ ಸಂವೇದಿ ಸಂಸ್ಥೆಯ ಉಚಿತ ಆನ್‌ಲೈನ್ ತರಗತಿಗಳಿವೆ.

ಮಗ್ಗದ ಮನೆಯಲ್ಲಿ

ರಬಕವಿ-ಬನಹಟ್ಟಿಯ ನೇಕಾರಿಕೆ ಮತ್ತೊಂದು ಕ್ಷೇತ್ರ. ಹಾಸು ಹೂಡುವ ಮೊದಲೇ ವಿನ್ಯಾಸವನ್ನು ಬ್ಲೆಂಡರ್‌ನ ಬಟ್ಟೆಯ ಆಕೃತಿಗೆ ಹೊದಿಸಿ, ನೆರಿಗೆ ಬಿದ್ದಾಗ ದಡಿ ಹೇಗೆ ಕಾಣುತ್ತದೆ ಎಂದು ವ್ಯಾಪಾರಿಗೆ ಫೋನಿನಲ್ಲೇ ತೋರಿಸಬಹುದು. ಒಪ್ಪಿಗೆಯಾಗದ ಮಾದರಿಗೆ ತಗಲುವ ನೂಲು, ದಿನಗೂಲಿ ಉಳಿಯುತ್ತದೆ. ಆದರೆ ಪರದೆಯ ಬಣ್ಣವೂ ನೂಲಿನ ಬಣ್ಣವೂ ಒಂದೇ ಅಲ್ಲ. ಬಣ್ಣದ ತೀರ್ಮಾನಕ್ಕೆ ನೂಲಿನ ಮಾದರಿ ಬೇಕೇ ಬೇಕು. ವಿನ್ಯಾಸ ಕದಿಯುವವರ ಭಯವೂ ಇದೆ. ಹೊಸ ವಿನ್ಯಾಸದ ಚಿತ್ರವನ್ನು ಬೇರೆಯವರ ಸರ್ವರ್‌ಗೆ ಕಳುಹಿಸದೆ, ಫೋನಿನೊಳಗೇ ಕೆಲಸ ಮುಗಿಸುವಂತೆ ತಂತ್ರಾಂಶ ರೂಪಿಸುವುದು ನೇಕಾರರ ಹಿತಕ್ಕೆ ಅಗತ್ಯ.

ಮುಂದೇನು?

ಅನಿಮೇಷನ್ ಹಾಗೂ ಗೇಮಿಂಗ್ ವಲಯಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2024-29ರ ನೀತಿಯ ಹೆಸರಿಗೆ ಎಕ್ಸ್‌ಆರ್ ಕೂಡ ಸೇರಿಕೊಂಡಿದೆ. ಉದ್ಯಮ ಮಾತ್ರ ಬಹುಪಾಲು ಬೆಂಗಳೂರಿನಲ್ಲೇ ನೆಲೆಸಿದೆ. ಮುಧೋಳದಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು. ಇಲ್ಲಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಹಿನ್ನೀರಿನ ಮಟ್ಟವನ್ನೋ ಸೀರೆಯ ದಡಿಯನ್ನೋ ಆಯ್ದುಕೊಂಡು, ಕಲಿತದ್ದನ್ನು ಕನ್ನಡದಲ್ಲಿ ಬರೆದಿಟ್ಟರೆ ಮುಂದಿನ ತಂಡಕ್ಕೆ ಅದೇ ಮೊದಲ ಪಠ್ಯವಾದೀತು. ಅದಕ್ಕೆ ಬೇಕಾಗಿರುವುದು ಒಂದು ಫೋನ್, ಒಂದು ಸಾಧಾರಣ ಕಂಪ್ಯೂಟರ್ ಮತ್ತು ಮಾರ್ಗದರ್ಶನ ಮಾಡಬಲ್ಲ ಅಧ್ಯಾಪಕರು.