ಕೆಸರಿನಲ್ಲಿಯೂ ಇಳಿಜಾರಿನಲ್ಲಿಯೂ ಜೋಡಿ ಗಾಲಿ

ಕೊಡಗಿನಲ್ಲಿ ಹುಟ್ಟಿ ಕೂಡಿಗೆಯ ಬಳಿ ಕಾವೇರಿಯನ್ನು ಸೇರುವ ಹಾರಂಗಿ ನದಿಗೆ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ನಾಲೆಗಳ ನೀರು ಬತ್ತದ ಗದ್ದೆಗಳಿಗೆ ಹರಿಯುತ್ತದೆ. ಕೊಡಗಿನ ಇಳಿಜಾರುಗಳಲ್ಲಿಯಾದರೋ ಕಾಫಿ ತೋಟಗಳಿವೆ. ಇಂತಹ ನಾಡಿನಲ್ಲಿ ದುಡಿಯುವ ಪುಟ್ಟ ಟ್ರಾಕ್ಟರಿಗೆ ಗದ್ದೆಯಲ್ಲಿ ಹೂತುಹೋಗುವ ಭಯ, ಇಳಿಜಾರಿನಲ್ಲಿ ಮಗುಚುವ ಭಯ. ಎರಡಕ್ಕೂ ಒಂದು ಉಪಾಯವುಂಟು: ಹಿಂದಿನ ಒಂದೊಂದು ಗಾಲಿಯ ಹೊರಮಗ್ಗುಲಿಗೆ ಇನ್ನೊಂದು ಗಾಲಿಯನ್ನು ಜೋಡಿಸುವುದು. ಅದು ರಬ್ಬರಿನದಾಗಿರಬಹುದು, ಕೆಸರುಗದ್ದೆಗೆ ಬಳಸುವ ಕಬ್ಬಿಣದ ಕೇಜ್ ವೀಲ್ ಆಗಿರಬಹುದು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಹುಟ್ಟುವುದು ಸಹಜ. ಘರ್ಷಣೆಯು ಭಾರವನ್ನು ಅವಲಂಬಿಸುತ್ತದೆಯೇ ಹೊರತು ತಾಗುವ ಮೈಯ ವಿಸ್ತೀರ್ಣವನ್ನಲ್ಲ ಎಂದು ನಾವು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಹಾಗಿದ್ದಲ್ಲಿ ಗಾಲಿಗಳನ್ನು ಇಮ್ಮಡಿಸಿದರೆ ಹಿಡಿತ ಹೆಚ್ಚುವುದೇಕೆ?

ಆ ನಿಯಮವು ಗಟ್ಟಿ ಮೈಗಳಿಗೆ ಸಲ್ಲತಕ್ಕದ್ದು. ಗದ್ದೆಯಲ್ಲಿ ಗಾಲಿಯು ಮಣ್ಣಿನ ಮೇಲೆ ಜಾರುವುದಕ್ಕಿಂತ, ಗಾಲಿಯ ಹಲ್ಲುಗಳು ಕಚ್ಚಿ ಹಿಡಿದ ಮಣ್ಣು ಅದರಡಿಯ ಮಣ್ಣಿನಿಂದ ಕಿತ್ತು ಜಾರುವುದೇ ಹೆಚ್ಚು. ಫ್ರಾನ್ಸಿನ ಕೂಲಂಬನು 1773ರಲ್ಲಿಯೇ ಮಣ್ಣಿನ ಪ್ರತಿರೋಧದಲ್ಲಿ ಎರಡು ಪಾಲುಗಳನ್ನು ಗುರುತಿಸಿದನು. ಒಂದು, ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಸಂಸಕ್ತಿ. ಇದು ವಿಸ್ತೀರ್ಣದೊಡನೆ ಬೆಳೆಯುತ್ತದೆ. ಇನ್ನೊಂದು, ಘರ್ಷಣೆ, ಇದು ಭಾರದೊಡನೆ ಬೆಳೆಯುತ್ತದೆ. ಒಣಮರಳು ಮುಷ್ಟಿಯಿಂದ ಸುರಿದುಹೋಗುತ್ತದೆ; ಅದರಲ್ಲಿ ಸಂಸಕ್ತಿ ಇಲ್ಲವೆಂದೇ ಹೇಳಬಹುದು. ಹಸಿ ಜೇಡಿಯಾದರೋ ಉಂಡೆಯಾಗಿ ನಿಲ್ಲುತ್ತದೆ. ನೀರುಂಡ ಜೇಡಿಯಲ್ಲಿ ಭಾರದ ಬಹುಪಾಲನ್ನು ನೀರೇ ಹೊರುವುದರಿಂದ ಘರ್ಷಣೆಯ ಪಾಲು ಕುಗ್ಗಿ ಸಂಸಕ್ತಿಯೇ ಮುಖ್ಯವಾಗುತ್ತದೆ. ಆದುದರಿಂದಲೇ ಅಲ್ಲಿ ಅಗಲವಾದ ಗಾಲಿಗೆ ಬೆಲೆ. ತೆಳುವಾದ ರಾಡಿಯಲ್ಲಿ ಸಂಸಕ್ತಿಯೂ ಅಲ್ಪವೇ; ಆಗ ಕೇಜ್ ವೀಲಿನ ಪಟ್ಟಿಗಳು ಕೆಳಗಿನ ಗಟ್ಟಿ ಪದರವನ್ನು ಮುಟ್ಟಿ ಆಸರೆ ಪಡೆಯುತ್ತವೆ.

ಹೂಳುವುದು ಒತ್ತಡದ ಮಾತು. ಹಿಂದಿನ ಒಂದು ಗಾಲಿಯ ಮೇಲೆ 250 ಕಿಲೋಗ್ರಾಂ ಭಾರವಿದ್ದು, ಅದು 400 ಚದರ ಸೆಂಟಿಮೀಟರು ನೆಲವನ್ನು ಒತ್ತುತ್ತದೆಂದು ಭಾವಿಸೋಣ. ಆಗ ಒತ್ತಡವು ಚದರ ಸೆಂಟಿಮೀಟರಿಗೆ 0.625 ಕಿಲೋಗ್ರಾಂ. 50 ಕಿಲೋಗ್ರಾಂ ತೂಕದ ಇನ್ನೊಂದು ಗಾಲಿಯನ್ನು ಕೂಡಿಸಿದರೆ 300 ಕಿಲೋಗ್ರಾಂ ಭಾರವು 800 ಚದರ ಸೆಂಟಿಮೀಟರಿಗೆ ಹಂಚಿಹೋಗಿ ಒತ್ತಡವು 0.375ಕ್ಕೆ ಇಳಿಯುತ್ತದೆ.

ಇನ್ನು ಸ್ಥಿರತೆ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಗಾಲಿಗಳ ನಡುವೆ ಬೀಳುವವರೆಗೆ ಟ್ರಾಕ್ಟರು ನಿಲ್ಲುತ್ತದೆ. ಗುರುತ್ವಕೇಂದ್ರದ ಎತ್ತರ 60 ಸೆಂಟಿಮೀಟರು, ನಡುವಿನಿಂದ ಗಾಲಿಯ ಹೊರಅಂಚಿಗೆ 45 ಸೆಂಟಿಮೀಟರು ಇದ್ದರೆ, ಸುಮಾರು 37 ಡಿಗ್ರಿ ಓರೆಯಲ್ಲಿ ಅದು ಮಗುಚುವುದು. ಜೋಡಿ ಗಾಲಿಯಿಂದ ಈ 45 ಸೆಂಟಿಮೀಟರು 65 ಆದರೆ ಕೋನವು ಸುಮಾರು 47 ಡಿಗ್ರಿಗೆ ಏರುತ್ತದೆ. ಆದರೆ ಇದು ಕಾಗದದ ಲೆಕ್ಕ. ಮುಂದಿನ ಅಚ್ಚು ಸಾಮಾನ್ಯವಾಗಿ ನಡುವಿನ ಒಂದು ಕೀಲಿನ ಮೇಲೆ ತೂಗುವುದರಿಂದ ಆಧಾರವು ಚೌಕವಲ್ಲ, ತ್ರಿಕೋನ. ಗುಂಡಿ, ಕಲ್ಲು, ವೇಗದ ತಿರುವು, ಇವೆಲ್ಲವೂ ಸುರಕ್ಷಿತ ಕೋನವನ್ನು ಬಹಳ ಕುಗ್ಗಿಸುತ್ತವೆ.

ಜೋಡಿ ಗಾಲಿಗೆ ಬೆಲೆಯನ್ನೂ ತೆರಬೇಕು. ಹೊರಗಾಲಿಯು ಅಚ್ಚಿನಿಂದ ದೂರಕ್ಕೆ ಚಾಚಿರುವುದರಿಂದ ಅಚ್ಚಿಗೂ ಬೇರಿಂಗಿಗೂ ಬಾಗಿಸುವ ಬಲ ಹೆಚ್ಚುತ್ತದೆ. ತಯಾರಕರು ಒಪ್ಪಿದ ಜೋಡಣೆಯನ್ನೇ ಬಳಸಬೇಕು. ಕಿರಿದಾದ ಗದ್ದೆಯಲ್ಲಿ ತಿರುಗಿಸುವಾಗ ಬದುಗಳಿಗೆ ಪೆಟ್ಟು ಬೀಳುತ್ತದೆ. ಕಬ್ಬಿಣದ ಗಾಲಿಯು ಡಾಂಬರು ರಸ್ತೆಯನ್ನು ಕೆಡಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಜೋಡಿ ಗಾಲಿಯು ಆಧಾರವನ್ನು ಅಗಲಿಸುತ್ತದೆ, ಉದ್ದವನ್ನು ಬೆಳೆಸುವುದಿಲ್ಲ. ಹಿಂದಿನ ಗಾಲಿಗಳು ಹೂತು ತಿರುಗಲಾರದಾದಾಗ ಎಂಜಿನಿನ ಬಲವು ಟ್ರಾಕ್ಟರಿನ ಮುಂಭಾಗವನ್ನೇ ಎತ್ತಿ ಹಿಂದಕ್ಕೆ ಮಗುಚಬಲ್ಲುದು. ಅದನ್ನು ಎಷ್ಟು ಗಾಲಿಗಳೂ ತಡೆಯಲಾರವು. ಅಂತಹ ಸಮಯದಲ್ಲಿ ಹಿಮ್ಮುಖವಾಗಿ ಹೊರಬರಲು ಯತ್ನಿಸುವುದು, ಭಾರವನ್ನು ಕೆಳಗಿನ ಕೊಂಡಿಗೇ ಕಟ್ಟಿ ಎಳೆಯುವುದು, ರಕ್ಷಣಾ ಚೌಕಟ್ಟು ಇರುವಲ್ಲಿ ಸೀಟು ಬೆಲ್ಟನ್ನು ತೊಡುವುದು, ಇವೇ ಪ್ರಾಣವನ್ನು ಕಾಯುವ ಕ್ರಮಗಳು.